ವಿಮಾನ ಹಾರಿಸೋಕೆ ಯಾರು ಲಾಯಕ್ಕು?

2025ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಒಬ್ಬ ದಲಿತ ಟ್ರೈನಿ ಪೈಲಟ್ ಪೊಲೀಸರಿಗೆ ದೂರು ಕೊಟ್ಟರು. ವಿಮಾನ ಕಂಪನಿಯ ಮೇಲಧಿಕಾರಿಗಳು ಮೀಟಿಂಗಿಗೆ ಕರೆಸಿ, ವಿಮಾನ ಹಾರಿಸೋಕೆ ನೀನು ಲಾಯಕ್ಕಲ್ಲ, ಹೋಗಿ ಚಪ್ಪಲಿ ಹೊಲಿ ಎಂಬರ್ಥದ ಮಾತಾಡಿದರು ಎನ್ನುವುದು ಅವರ ದೂರು. ದೌರ್ಜನ್ಯ ತಡೆ ಕಾಯಿದೆಯಡಿ ಕೇಸು ದಾಖಲಾಯಿತು. ಇದು ಆಧಾರವಿಲ್ಲದ ಆರೋಪ ಎಂದು ಕಂಪನಿ ಹೇಳಿತು. ಯಾರು ಹೇಳಿದ್ದು ನಿಜ ಎಂದು ತೀರ್ಮಾನಿಸುವ ಕೆಲಸ ನ್ಯಾಯಾಲಯದ್ದು. ಆದರೆ ಆ ಸುದ್ದಿ ಓದಿ ನಮ್ಮ ಕೇರಿಗಳಲ್ಲಿ ಯಾರೂ 'ಛೇ, ಹಿಂಗೂ ಮಾತಾಡ್ತಾರಾ' ಅಂತ ಬೆರಗಾಗಲಿಲ್ಲ. ಮಾತು ಹಳೆಯದು. ಶಾಲೆಯಲ್ಲಿ ಹಿಂದಿನ ಸಾಲಿಗೆ ಕೂರಿಸಿದಾಗ, ಹಾಸ್ಟೆಲಿನಲ್ಲಿ ತಟ್ಟೆ ಬೇರೆ ಇಡಿಸಿದಾಗ, ಆಫೀಸಿನಲ್ಲಿ 'ಕೋಟಾ' ಅಂತ ಪಿಸುಗುಟ್ಟಿದಾಗ ನಾವು ಕೇಳಿದ್ದು ಇದೇ ಮಾತನ್ನು.

ನಮ್ಮ ಪ್ರಶ್ನೆ ಇಷ್ಟೇ. ವಿಮಾನ ಹಾರಿಸೋಕೆ ಯಾರು ಲಾಯಕ್ಕು? ಆ ಲಾಯಕ್ಕನ್ನು ಅಳೆಯುವ ಕೋಲು ಯಾರ ಕೈಯಲ್ಲಿದೆ? ಇಪ್ಪತ್ತು ತುಂಬಿದ ನಮ್ಮ ಹುಡುಗನೋ ಹುಡುಗಿಯೋ 'ನಾನು ಪೈಲಟ್ ಆಗ್ತೀನಿ' ಅಂತ ಎದುರು ಬಂದು ನಿಂತರೆ ಚಳವಳಿಯವರಾದ ನಾವು ಏನು ಹೇಳಬೇಕು?

ಮೊದಲು ಚಪ್ಪಲಿಯ ಮಾತು ಮುಗಿಸೋಣ. ಚಪ್ಪಲಿ ಹೊಲಿಯುವುದು ಹೀನ ಕೆಲಸವಲ್ಲ. ತೊಗಲು ಹದ ಮಾಡಿ, ಕಾಲಿನ ಅಳತೆ ನೋಡಿ, ರಂಪಿಗೆ ಹಿಡಿದು ಕತ್ತರಿಸಿ, ನೂಲು ಬಿಗಿದು ಹೊಲಿಯುವ ಕೈಗೆ ಕಣ್ಣಳತೆ ಬೇಕು, ತಾಳ್ಮೆ ಬೇಕು. ವಿಮಾನ ಇಳಿಸುವ ಕೈಗೆ ಬೇಕಾದದ್ದೂ ಅವೇ. ಕಲ್ಯಾಣದ ಹರಳಯ್ಯನವರು ಹೊಲಿದದ್ದೂ ಚಪ್ಪಲಿಯೇ. ಅವರನ್ನು ಕೊಂದದ್ದು ಚಪ್ಪಲಿ ಹೊಲಿದರು ಅಂತಲ್ಲ. ಅವರ ಮನೆಯ ಹುಡುಗನಿಗೆ ಬ್ರಾಹ್ಮಣರ ಮನೆಯ ಹುಡುಗಿಯನ್ನು ತಂದರು, ಗೆರೆ ದಾಟಿದರು ಅಂತ. ಇವತ್ತಿನ ಸಿಟ್ಟೂ ಕೆಲಸದ ಮೇಲಿನದಲ್ಲ. ಗೆರೆ ದಾಟಿದವರ ಮೇಲಿನದು.

ಇನ್ನು ಆ ಹಳೇ ಚಾಟಿ. ಮೀಸಲಾತಿ ಮಾತು ಎದ್ದಾಗಲೆಲ್ಲ ಬಸ್‌ಸ್ಟ್ಯಾಂಡಿನಿಂದ ಹಿಡಿದು ಯೂನಿವರ್ಸಿಟಿ ತನಕ ಕೇಳುವ ಮಾತು: 'ಕೋಟಾದಲ್ಲಿ ಬಂದೋನು ವಿಮಾನ ಹಾರಿಸಿದ್ರೆ ನೀವು ಹತ್ತುತ್ತೀರೇನ್ರಿ?' ಕೇಳಿದವರು ಗೆದ್ದೆವು ಅಂತ ನಗುತ್ತಾರೆ. ನಮ್ಮ ಹುಡುಗರು ತಲೆ ತಗ್ಗಿಸುತ್ತಾರೆ. ಯಾಕೆ ತಗ್ಗಿಸಬೇಕು? ಲೈಸೆನ್ಸ್ ಹೇಗೆ ಸಿಗುತ್ತದೆ ಎಂದು ಒಮ್ಮೆ ನೋಡೋಣ.

ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರದ ಡಿಜಿಸಿಎ. ವಯಸ್ಸು 18 ಆಗಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕೆಂಬ ನಿಯಮ 1990ರ ದಶಕದಲ್ಲಿ ಬಂದದ್ದು. ಅದನ್ನು ಸಡಿಲಿಸುವ ಮಾತು 2025ರಲ್ಲಿ ಎದ್ದಿತು. ಕಣ್ಣು, ಕಿವಿ, ಎದೆ ಎಲ್ಲ ಪರೀಕ್ಷೆ ಮಾಡಿ ಕ್ಲಾಸ್ ಒನ್ ಮೆಡಿಕಲ್ ಕೊಡುತ್ತಾರೆ. ಕನ್ನಡಕ ಇದ್ದರೆ ಆಗಲ್ಲ ಅನ್ನೋದು ಸುಳ್ಳು. ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ಅಡ್ಡಿಯಿಲ್ಲ. ಹವಾಮಾನ, ದಾರಿ ಲೆಕ್ಕ ಹಾಕುವ ನ್ಯಾವಿಗೇಶನ್, ವಾಯು ನಿಯಮ, ವಿಮಾನದ ಯಂತ್ರ, ಇವುಗಳ ಪರೀಕ್ಷೆಯಲ್ಲಿ ನೂರಕ್ಕೆ 70 ಬಂದರೆ ಪಾಸು. ರೇಡಿಯೋದಲ್ಲಿ ಮಾತಾಡಲು ಬೇರೆ ಲೈಸೆನ್ಸು, ಇಂಗ್ಲಿಷಿಗೆ ಬೇರೆ ಪರೀಕ್ಷೆ. ಆಮೇಲೆ 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಜವಾಬ್ದಾರಿ ಹೊತ್ತು ಹಾರಿಸಬೇಕು. 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರ್ ದೂರದ ಒಂದು ಯಾನವನ್ನು ದಾರಿಯಲ್ಲಿ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಮುಗಿಸಬೇಕು. ರಾತ್ರಿಯ ಕತ್ತಲಲ್ಲಿ ಹತ್ತು ಸಲ ಏರಿ ಹತ್ತು ಸಲ ಇಳಿಯಬೇಕು. ಕಂಪನಿಗೆ ಸೇರಿದ ಮೇಲೂ ವರ್ಷ ವರ್ಷ ಸಿಮ್ಯುಲೇಟರಿನಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಲೇ ಇರುತ್ತಾರೆ.

ಇದರಲ್ಲಿ ಎಲ್ಲಿದೆ ಮೀಸಲಾತಿ? ಅಗ್ರಹಾರದವನಿಗೂ 70, ಹೊಲಗೇರಿಯವನಿಗೂ 70. ಅವನಿಗೂ 200 ಗಂಟೆ, ಇವನಿಗೂ 200 ಗಂಟೆ. ಎಂಜಿನ್ನು ನಿಂತರೆ ವಿಮಾನ ಯಾರ ಜನಿವಾರವನ್ನೂ ನೋಡಿ ತೇಲುವುದಿಲ್ಲ. 'ಕೋಟಾ ಪೈಲಟ್' ಎನ್ನುವ ಭೂತವನ್ನು ಹುಟ್ಟಿಸಿದವರಿಗೆ ಲೈಸೆನ್ಸಿನ ನಿಯಮ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಟಿಸುತ್ತಾರೆ.

ಆದರೆ ಮೀಸಲಾತಿ ಇದೆ ಗೆಳೆಯರೇ. ಲೈಸೆನ್ಸಿನಲ್ಲಿ ಅಲ್ಲ, ಅದಕ್ಕೂ ಮುಂಚಿನ ಬಾಗಿಲಲ್ಲಿ. ಅದು ದುಡ್ಡಿನ ಮೀಸಲಾತಿ. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ ಕೇಂದ್ರ ಸರ್ಕಾರವೇ 1980ರ ದಶಕದಲ್ಲಿ ಕಟ್ಟಿದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಿದೆ. ಅಲ್ಲಿ ಸೀಟಿಗೆ ಮೀಸಲಾತಿ ಉಂಟು. ಆದರೆ ಶುಲ್ಕ 45 ಲಕ್ಷದ ಆಸುಪಾಸು. ಕಂಪನಿಯ ದೊಡ್ಡ ವಿಮಾನಕ್ಕೆ ಬೇಕಾದ ಟೈಪ್ ರೇಟಿಂಗ್ ಅಂತ ಅದರ ಮೇಲೆ ಹಲವು ಲಕ್ಷ. ಕಂಪನಿಗಳು ತಾವೇ ನಡೆಸುವ ಕೆಡೆಟ್ ಕೋರ್ಸುಗಳ ಖರ್ಚು ಕೋಟಿಯನ್ನೇ ಮುಟ್ಟುತ್ತದೆ. ನಮ್ಮ ತಾಯಿ ಹೊಲದಲ್ಲಿ ದಿನಕ್ಕೆ 500 ರೂಪಾಯಿ ಕೂಲಿ ತರುತ್ತಾಳೆ ಅಂತಲೇ ಇಟ್ಟುಕೊಳ್ಳಿ. 45 ಲಕ್ಷ ಆಗಬೇಕಾದರೆ 9,000 ದಿನ. ಒಂದು ದಿನವೂ ಕಾಯಿಲೆ ಬೀಳದೆ, ಒಂದು ತುತ್ತೂ ಉಣ್ಣದೆ, ಹತ್ತಿರ ಹತ್ತಿರ 25 ವರ್ಷ ದುಡಿಯಬೇಕು. ಹೊಟ್ಟೆಯಲ್ಲಿ ಮಗ ಬಿದ್ದ ದಿನದಿಂದ ಕೂಡಿಟ್ಟರೂ ಅವನ ಮೀಸೆ ಬಲಿತ ಮೇಲೆ ಫೀಸು ಕಟ್ಟಬೇಕು.

ಬ್ಯಾಂಕಿದೆಯಲ್ಲ ಅನ್ನುತ್ತಾರೆ. ಬ್ಯಾಂಕುಗಳ ಮಾಮೂಲಿ ವಿದ್ಯಾಸಾಲದ ಪದ್ಧತಿಯಲ್ಲಿ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕು. ಆಸ್ತಿ ಯಾರ ಹತ್ರ ಇದೆ? ಭೂಮಿ ಇಟ್ಟುಕೊಳ್ಳಲು ನಮ್ಮನ್ನು ತಲೆತಲಾಂತರ ಬಿಡಲಿಲ್ಲ. ಈಗ ಭೂಮಿ ಇಲ್ಲದ್ದಕ್ಕೆ ಸಾಲ ಇಲ್ಲ ಅನ್ನುತ್ತಾರೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ಸ್ಕಾಲರ್‌ಶಿಪ್ ಯೋಜನೆಯೊಂದರಲ್ಲಿ ಪೈಲಟ್ ತರಬೇತಿಯನ್ನೂ ಸೇರಿಸಿದ್ದರು, ನಿಜ. ಖಾಸಗಿ ಫ್ಲೈಯಿಂಗ್ ಕ್ಲಬ್ಬಿಗೆ ವರ್ಷಕ್ಕೆ ಹಾಕಿದ್ದ ಮಿತಿ 3.72 ಲಕ್ಷ. ಹತ್ತು ಮೊಳದ ಬಾವಿಗೆ ಒಂದು ಮೊಳದ ಹಗ್ಗ ಕೊಟ್ಟು ನೀರು ಸೇದಿಕೋ ಅಂದ ಹಾಗೆ.

ಹಾಗಾದರೆ 'ಮೆರಿಟ್ಟು' ಅಂದರೇನು? ಕೋಟಿ ಇದ್ದವನ ಮಗ ಎರಡು ಸಲ ಫೇಲಾದರೂ ಮೂರನೇ ಸಲ ಕೂರಬಹುದು, ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಹೆಚ್ಚಿನ ಹಾರಾಟ ಕೊಳ್ಳಬಹುದು. ನಮ್ಮವನು ಒಂದು ಸಲ ಎಡವಿದರೆ ಮನೆಯೇ ಮುಳುಗುತ್ತದೆ. ಇಬ್ಬರೂ ಪಾಸಾದ ದಿನ ಇಬ್ಬರಿಗೂ ಸಿಗುವುದು ಅದೇ ಲೈಸೆನ್ಸು. ಯಾರದು ಹೆಚ್ಚಿನ ಯೋಗ್ಯತೆ ಅಂತ ನೀವೇ ಹೇಳಿ.

ವಯಸ್ಸಿಗೂ ಜಾತಿ ಇದೆ. ಇಪ್ಪತ್ತರ ಹರೆಯ ಎಲ್ಲರಿಗೂ ಒಂದೇ ಅಲ್ಲ. ಜೆ.ಆರ್.ಡಿ. ಟಾಟಾ 1929ರ ಫೆಬ್ರವರಿಯಲ್ಲಿ ಈ ದೇಶದ ಮೊದಲ ಪೈಲಟ್ ಲೈಸೆನ್ಸ್ ಪಡೆದಾಗ ಅವರಿಗೆ 24 ವರ್ಷ. 1932ರಲ್ಲಿ ಕರಾಚಿಯಿಂದ ಮುಂಬೈಗೆ ತಾವೇ ಟಪಾಲು ಹೊತ್ತು ಹಾರಿ ವಿಮಾನ ಕಂಪನಿ ಶುರು ಮಾಡಿದರು. ಅವರ ಧೈರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಮುಂಬೈ ಪ್ರಾಂತದಲ್ಲಿ, ಅದಕ್ಕೆ ಎರಡೇ ವರ್ಷ ಹಿಂದೆ, 1927ರ ಮಾರ್ಚಿನಲ್ಲಿ, ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ನಮ್ಮ ಜನ ತಲೆ ಒಡೆಸಿಕೊಂಡಿದ್ದರು. ಒಬ್ಬರು ಆಕಾಶಕ್ಕೆ ಲೈಸೆನ್ಸ್ ಪಡೆಯುತ್ತಿದ್ದ ಕಾಲದಲ್ಲಿ ಇನ್ನೊಬ್ಬರು ನೀರಿಗೆ ಅಪ್ಪಣೆ ಕೇಳುತ್ತಿದ್ದರು. ಈ ಅಂತರ ಇನ್ನೂ ಮುಗಿದಿಲ್ಲ. ಉಳ್ಳವರ ಮಗ ಹದಿನೆಂಟಕ್ಕೆ ಫ್ಲೈಯಿಂಗ್ ಸ್ಕೂಲು ಸೇರಿ ಇಪ್ಪತ್ತೊಂದಕ್ಕೆ ಯೂನಿಫಾರ್ಮ್ ಹಾಕುತ್ತಾನೆ. ನಮ್ಮವನು ಮೊದಲು ಅಪ್ಪನ ಸಾಲ ತೀರಿಸಬೇಕು, ತಂಗಿಯ ಮದುವೆ ಮಾಡಬೇಕು, ಸೂರಿಗೆ ಶೀಟು ಹಾಕಿಸಬೇಕು. ಅಷ್ಟರಲ್ಲಿ ಮೂವತ್ತು. ವಿಮಾನ ಕಂಪನಿಗಳಲ್ಲಿ ಸೇರಿದ ದಿನದ ಮೇಲೆ ಹಿರಿತನ ನಿಲ್ಲುತ್ತದೆ. ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸಿಗೆ 1,500 ಗಂಟೆ ಹಾರಬೇಕು. 65ಕ್ಕೆ ನಿವೃತ್ತಿ. ಹತ್ತು ವರ್ಷ ತಡವಾಗಿ ಬಂದವನು ಕೊನೇವರೆಗೂ ಹತ್ತು ವರ್ಷ ಹಿಂದೆಯೇ.

ಅಷ್ಟು ಸುರಿದ ಮೇಲೂ ಕೆಲಸದ ಖಾತ್ರಿ ಇಲ್ಲ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೇ ಬೀದಿಗೆ ಬಿದ್ದರು. ಹೊಸದಾಗಿ ಲೈಸೆನ್ಸ್ ಹಿಡಿದವರನ್ನು ಕೇಳುವವರು ಯಾರು? ಆಸ್ತಿ ಇದ್ದವನಿಗೆ ಅದು ಕೆಟ್ಟ ಕಾಲ. ಆಸ್ತಿ ಇಲ್ಲದವನಿಗೆ ಜೀತ. ಇದನ್ನು ನಮ್ಮ ಹುಡುಗರಿಗೆ ಮುಚ್ಚಿಡಬಾರದು. ಕನಸು ಮಾರುವ ಜಾಹೀರಾತು ಎಷ್ಟು ಅಪರಾಧವೋ, ಕನಸೇ ಬೇಡ ಅನ್ನುವ ಬುದ್ಧಿವಾದವೂ ಅಷ್ಟೇ ಅಪರಾಧ.

1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದಾಗ ಅದರ ಹೆಸರೇ ಅಮೆರಿಕದ ಕಪ್ಪು ಜನರ ಹೋರಾಟದಿಂದ ಬಂದದ್ದು. ಆ ಜನರ ಎರಡು ಕತೆ ಇಲ್ಲಿ ಹೇಳಬೇಕು. ಬೆಸ್ಸಿ ಕೋಲ್ಮನ್ ಟೆಕ್ಸಾಸಿನಲ್ಲಿ 1892ರಲ್ಲಿ ಹುಟ್ಟಿದವಳು. ಮನೆಯವರು ಗೇಣಿಗೆ ಹತ್ತಿ ಬೆಳೆಯುವವರು. ಶಿಕಾಗೋದಲ್ಲಿ ಇತರರ ಉಗುರು ತಿದ್ದುವ ಕೆಲಸ ಮಾಡುತ್ತಿದ್ದಳು. ಅಮೆರಿಕದ ಯಾವ ಶಾಲೆಯೂ ಕಪ್ಪು ಹೆಣ್ಣಿಗೆ ಹಾರಲು ಕಲಿಸಲಿಲ್ಲ. ಫ್ರೆಂಚ್ ಕಲಿತು ಫ್ರಾನ್ಸಿಗೆ ಹೋಗಿ 1921ರ ಜೂನ್ 15ರಂದು ಲೈಸೆನ್ಸ್ ತಂದಳು. ಆಗ ಅವಳಿಗೆ 29. ತಾಯ್ನಾಡಿಗೆ ಬಂದು ವಿಮಾನದ ಸಾಹಸ ಪ್ರದರ್ಶನ ಕೊಡುವಾಗ, ಕಪ್ಪು ಜನಕ್ಕೆ ಬೇರೆ ಬಾಗಿಲಿಟ್ಟರೆ ನಾನು ಹಾರುವುದಿಲ್ಲ ಅಂತ ಹಟ ಹಿಡಿದಳು. ತನ್ನವರಿಗೆ ಹಾರಲು ಕಲಿಸುವ ಶಾಲೆ ತೆರೆಯಬೇಕೆಂದಿದ್ದಳು. 1926ರಲ್ಲಿ ವಿಮಾನದಿಂದ ಬಿದ್ದು ಸತ್ತಳು.

ಇನ್ನೊಬ್ಬರು ಮಾರ್ಲನ್ ಗ್ರೀನ್. ವಾಯುಪಡೆಯಲ್ಲಿ ಹಾರಿಸಿ ಪಳಗಿದವರು. 1957ರಲ್ಲಿ, 28ರ ವಯಸ್ಸಿನಲ್ಲಿ, ಕಾಂಟಿನೆಂಟಲ್ ಏರ್‌ಲೈನ್ಸಿಗೆ ಅರ್ಜಿ ಹಾಕಿದರು. ಜನಾಂಗ ಯಾವುದು ಎಂಬ ಜಾಗ ಖಾಲಿ ಬಿಟ್ಟರು. ಮುಖ ನೋಡಿದ ಮೇಲೆ ಕಂಪನಿ ಅವರಿಗಿಂತ ಕಡಿಮೆ ಗಂಟೆ ಹಾರಿಸಿದ್ದ ಬಿಳಿಯರನ್ನು ತೆಗೆದುಕೊಂಡಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1963ರಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಗ್ರೀನ್ ಪರ ತೀರ್ಪು ಕೊಟ್ಟರು. ಕೆಲಸ ಸಿಕ್ಕಿದ್ದು 1965ರಲ್ಲಿ. ಗಂಟೆ ಇತ್ತು, ಲೈಸೆನ್ಸ್ ಇತ್ತು, ಯೋಗ್ಯತೆ ಇತ್ತು. ಆದರೂ ಎಂಟು ವರ್ಷ ಬಾಗಿಲಲ್ಲಿ ನಿಲ್ಲಿಸಿದರು. ಮೆರಿಟ್ಟು ಮೆರಿಟ್ಟು ಅಂತ ಜಪ ಮಾಡುವವರು ಮೆರಿಟ್ಟು ಎದುರು ಬಂದಾಗ ಏನು ಮಾಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ಅಸಲು ಮಾತಿಗೆ ಬರೋಣ. ಪ್ರಯಾಣಿಕರ ಜೀವಕ್ಕೆ ಯಾರಿಂದ ಅಪಾಯ? 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಇದ್ದವರು 166 ಜನ, ಸತ್ತವರು 158. ವಿಚಾರಣಾ ಆಯೋಗ ಕೊಟ್ಟ ಕಾರಣ ಏನು? ವಿಮಾನ ಸರಿಯಾದ ಎತ್ತರ, ವೇಗದಲ್ಲಿ ಇಳಿಯುತ್ತಿರಲಿಲ್ಲ. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಅಂತ ಕಿರಿಯ ಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸಿತು. ಹಿರಿಯ ಪೈಲಟ್ ಕೇಳಲಿಲ್ಲ. ಅದಕ್ಕೂ ಮುಂಚೆ, 1977ರಲ್ಲಿ, ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ವಿಮಾನ ಡಿಕ್ಕಿ ಹೊಡೆದು 583 ಜನ ಸತ್ತರು. ಅಲ್ಲೂ ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಅಂತ ಸಿಬ್ಬಂದಿಯೊಬ್ಬರು ಅನುಮಾನ ಎತ್ತಿದ್ದರು; ಕ್ಯಾಪ್ಟನ್ ಅದನ್ನು ತಳ್ಳಿಹಾಕಿದ್ದರು. ಇಂಥ ಸಾವುಗಳಿಂದ ಪಾಠ ಕಲಿತು ಜಗತ್ತಿನ ವಿಮಾನಯಾನ ಹೊಸದೊಂದು ತರಬೇತಿ ಕಡ್ಡಾಯ ಮಾಡಿತು. ಕಿರಿಯ ಬಾಯಿ ಬಿಟ್ಟು ಹೇಳಬೇಕು, ಹಿರಿಯ ಕಿವಿಗೊಟ್ಟು ಕೇಳಬೇಕು. ಇಷ್ಟೇ ಅದರ ತಿರುಳು.

ಆ ದುರಂತಗಳಲ್ಲಿ ಜಾತಿ ಇತ್ತು ಅಂತ ನಾವು ಹೇಳುತ್ತಿಲ್ಲ. ಮೇಲು-ಕೀಳು ಇತ್ತು. ಮೇಲಿನವನು ಹೇಳಿದ್ದೇ ಸರಿ, ಕೆಳಗಿನವನ ಮಾತು ಗಾಳಿಗೆ, ಎನ್ನುವ ರೋಗ ಇತ್ತು. ಆ ರೋಗವನ್ನು ಸಾವಿರಾರು ವರ್ಷ ಸಾಕಿ, ಧರ್ಮ ಅಂತ ಹೆಸರಿಟ್ಟು ಪೂಜೆ ಮಾಡಿದ ದೇಶ ನಮ್ಮದು. ಈಗ ಯೋಚಿಸಿ. ಇವತ್ತು ಮೀಟಿಂಗಿನಲ್ಲಿ ಜಾತಿ ಎತ್ತಿ ಹೀಯಾಳಿಸಿಕೊಂಡ ಕಿರಿಯ ಪೈಲಟ್, ನಾಳೆ ಮೋಡದ ನಡುವೆ ಅದೇ ಹಿರಿಯನಿಗೆ 'ಸಾರ್, ನೀವು ಮಾಡ್ತಿರೋದು ತಪ್ಪು' ಅಂತ ಯಾವ ಬಾಯಲ್ಲಿ ಹೇಳಬೇಕು? ಹೇಳಿದರೆ ಆ ಹಿರಿಯ ಕೇಳುತ್ತಾನೆಯೇ? ಹಾಗಾದರೆ ವಿಮಾನವನ್ನು ಬೀಳಿಸುವುದು ಕೆಳಜಾತಿಯವನ ಕೈಯಲ್ಲ, ಮೇಲ್ಜಾತಿಯ ಅಹಂಕಾರದ ಕಿವುಡು. ಅಸ್ಪೃಶ್ಯತೆ ಕಾಕ್‌ಪಿಟ್ಟಿನ ಒಳಗೆ ಬಂದರೆ ಅದು ಬರೀ ಅವಮಾನವಲ್ಲ, ಹಿಂದೆ ಕೂತ ನೂರೆಂಬತ್ತು ಜನರ ಜೀವದ ಪ್ರಶ್ನೆ. 'ಕೋಟಾ ಪೈಲಟ್ ವಿಮಾನ ಹತ್ತುತ್ತೀರಾ' ಅಂತ ಕೇಳುವವರನ್ನು ನಾವು ತಿರುಗಿ ಕೇಳೋಣ: ಪಕ್ಕದವನ ಮಾತು ಕೇಳದ ಜಾತಿವಾದಿ ಹಾರಿಸುವ ವಿಮಾನ ನೀವು ಹತ್ತುತ್ತೀರಾ?

ನಮ್ಮೊಳಗಿನ ಆಕ್ಷೇಪವೂ ಒಂದಿದೆ. ಚಳವಳಿಯ ಗೆಳೆಯರೇ ಕೇಳುತ್ತಾರೆ. ಮ್ಯಾನ್‌ಹೋಲಿನಲ್ಲಿ ನಮ್ಮವರು ಇನ್ನೂ ಉಸಿರುಗಟ್ಟಿ ಸಾಯುತ್ತಿರುವಾಗ, ಹಾಸ್ಟೆಲ್ ಮಕ್ಕಳಿಗೆ ಸರಿಯಾದ ಊಟ ಇಲ್ಲದಿರುವಾಗ, ಒಬ್ಬನನ್ನು ಆಕಾಶಕ್ಕೆ ಹಾರಿಸೋಕೆ ಐವತ್ತು ಲಕ್ಷ ಕೇಳೋದು ನ್ಯಾಯವಾ? ಪ್ರಶ್ನೆ ಸಣ್ಣದಲ್ಲ. ಆದರೆ ಮ್ಯಾನ್‌ಹೋಲನ್ನೇ ನೋಡಿ. ಪೈಲಟ್ಟಿಗೆ ಇಷ್ಟು ಗಂಟೆಗಿಂತ ಹೆಚ್ಚು ಹಾರಬಾರದು, ಇಷ್ಟು ವಿಶ್ರಾಂತಿ ಕಡ್ಡಾಯ ಅಂತ ಕಾನೂನಿದೆ, ಪಾಲಿಸದಿದ್ದರೆ ದೇಶವೇ ಕೇಳುತ್ತದೆ. ಮ್ಯಾನ್‌ಹೋಲಿಗೆ ಇಳಿಸಬಾರದು ಅಂತಲೂ 2013ರ ಕಾನೂನಿದೆ, ಪಾಲಿಸದಿದ್ದರೆ ಕೇಳುವವರಿಲ್ಲ. ಇಳಿಯುವವನಿಗೆ ಮೆಡಿಕಲ್ ಇಲ್ಲ, ಲೈಸೆನ್ಸ್ ಇಲ್ಲ, ಅಲ್ಲಿ ಯಾರೂ ಮೆರಿಟ್ಟು ಕೇಳುವುದಿಲ್ಲ. ಪಾತಾಳಕ್ಕೆ ನೂರಕ್ಕೆ ನೂರು ಮೀಸಲಾತಿ, ಆಕಾಶಕ್ಕೆ ಸೊನ್ನೆ. ಇವೆರಡೂ ಒಂದೇ ಅನ್ಯಾಯದ ಎರಡು ತುದಿ. ಒಂದನ್ನು ಬಿಟ್ಟು ಇನ್ನೊಂದನ್ನು ಬಿಡಿಸಲು ಬರುವುದಿಲ್ಲ.

ಒಬ್ಬನ ಮೇಲೆ ಯಾಕೆ ಖರ್ಚು ಅನ್ನುವವರು ಬರೋಡವನ್ನು ನೆನೆಯಲಿ. 1913ರಲ್ಲಿ ಸಯಾಜಿರಾವ್ ಗಾಯಕವಾಡರ ಸಂಸ್ಥಾನ 22 ವರ್ಷದ ಒಬ್ಬ ಹುಡುಗನ ಮೇಲೆ ಸ್ಕಾಲರ್‌ಶಿಪ್ ಖರ್ಚು ಮಾಡಿ ಅಮೆರಿಕಕ್ಕೆ ಕಳಿಸಿತು. ಆ ದುಡ್ಡನ್ನು ಆವತ್ತು ಹಂಚಿದ್ದರೆ ಕೇರಿಗೊಂದು ದಿನದ ಗಂಜಿಯೂ ಬರುತ್ತಿರಲಿಲ್ಲವೋ ಏನೋ. ಆ ಹುಡುಗ ತಿರುಗಿ ಬಂದು ಕೊಟ್ಟದ್ದು ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಂತ ಹಾರಿದವರೆಲ್ಲ ಅಂಬೇಡ್ಕರ್ ಆಗುವುದಿಲ್ಲ. ಓದಿದವರೇ ನನಗೆ ಮೋಸ ಮಾಡಿದರು ಅಂತ ಬಾಬಾಸಾಹೇಬರು 1956ರಲ್ಲಿ ಆಗ್ರಾದಲ್ಲಿ ನೊಂದುಕೊಂಡದ್ದೂ ಸತ್ಯ. ಆದ್ದರಿಂದ ಹಾರುವ ನಮ್ಮ ತಮ್ಮ ತಂಗಿಯರಿಗೆ ಒಂದೇ ಮಾತು. ಹೆಸರು ಮುಚ್ಚಿಕೊಂಡು ಬದುಕಬೇಡಿ. ಒಡಿಶಾದ ಮಲ್ಕಾನ್‌ಗಿರಿಯ ಆದಿವಾಸಿ ಮನೆಯ, ಪೊಲೀಸ್ ಹವಾಲ್ದಾರರೊಬ್ಬರ ಮಗಳು ಅನುಪ್ರಿಯಾ ಲಾಕ್ರಾ 2019ರಲ್ಲಿ ಪೈಲಟ್ ಆದಾಗ ಆ ಜಿಲ್ಲೆಯ ಹುಡುಗಿಯರು ಮೊದಲ ಸಲ ತಲೆ ಎತ್ತಿ ವಿಮಾನ ನೋಡಿದ ರೀತಿಯೇ ಬದಲಾಗಿರಬೇಕು. ಒಬ್ಬರು ಹಾರಿದ್ದು ಮೋಕ್ಷವಲ್ಲ. ಬೆಸ್ಸಿ ಕೋಲ್ಮನ್ ಹಾಗೆ, ಎಲ್ಲರಿಗೂ ಒಂದೇ ಬಾಗಿಲು ಅಂತ ಹಟ ಹಿಡಿದರೆ ಮಾತ್ರ ಅದಕ್ಕೆ ಅರ್ಥ.

ಸರ್ಕಾರಕ್ಕೆ ನಮ್ಮ ಮಾತು ಬೇರೆ. ದೇವನಹಳ್ಳಿಯ ಸುತ್ತ ಸಾವಿರಾರು ಎಕರೆ ತೆಗೆದುಕೊಂಡು ಕಟ್ಟಿದ ನಿಲ್ದಾಣ 2008ರಲ್ಲಿ ಶುರುವಾಯಿತು. ಏರೋಸ್ಪೇಸ್ ಪಾರ್ಕಿಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಕೈ ಹಾಕಿದಾಗ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ವಿಮಾನಕ್ಕೆ ನೆಲ ಕೊಡಬೇಕಾದವರು ನಾವು. ನಿಲ್ದಾಣದಲ್ಲಿ ಕಸ ಗುಡಿಸುವವರು, ಟ್ರಾಲಿ ತಳ್ಳುವವರು ನಾವು. ಮುಂದಿನ ಸೀಟು ಮಾತ್ರ ನಮ್ಮದಲ್ಲ. 1953ರಲ್ಲಿ ರಾಷ್ಟ್ರೀಕರಣವಾಗಿದ್ದ ಏರ್ ಇಂಡಿಯಾದ ನೇಮಕಾತಿಯಲ್ಲಾದರೂ ಮೀಸಲಾತಿ ಇತ್ತು. 2022ರ ಜನವರಿಯಲ್ಲಿ ಅದನ್ನೂ ಮಾರಿದರು. ಆ ಬಾಗಿಲೂ ಮುಚ್ಚಿತು.

ಆದ್ದರಿಂದ ನಾವು ಭಿಕ್ಷೆ ಕೇಳುತ್ತಿಲ್ಲ. ಲೈಸೆನ್ಸಿನ 70 ಅಂಕವನ್ನು 69 ಮಾಡಿ ಅನ್ನುತ್ತಿಲ್ಲ. ಸೀಟು ಕೊಟ್ಟರೆ ಫೀಸನ್ನೂ ಪೂರ್ತಿ ಕೊಡಿ. ಅಡ ಕೇಳದೆ ಸಾಲ ಕೊಡಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ನಮ್ಮ ಮಕ್ಕಳ ಶಾಲೆಯಾಗಲಿ. ಕನ್ನಡ ಶಾಲೆಯಲ್ಲಿ ಓದಿದವರಿಗೆ ರೇಡಿಯೋ ಇಂಗ್ಲಿಷ್ ಕಲಿಸಿ. ಖಾಸಗಿ ವಿಮಾನ ಕಂಪನಿಗಳು ಯಾರನ್ನು ತೆಗೆದುಕೊಂಡವು, ಯಾರನ್ನು ಬಿಟ್ಟವು ಎಂಬ ಲೆಕ್ಕವನ್ನು ಜಾತಿವಾರು ಜನರ ಮುಂದಿಡಲಿ. ಕಾಕ್‌ಪಿಟ್ಟಿನಲ್ಲಿ ಜಾತಿ ಎತ್ತಿ ಮಾತಾಡುವುದನ್ನು ಕುಡಿದು ವಿಮಾನ ಹಾರಿಸಿದಷ್ಟೇ ದೊಡ್ಡ ಅಪರಾಧವೆಂದು ಹಿಡಿಯಲಿ.

ಲಾಯಕ್ಕು ಯಾರು ಎನ್ನುವುದನ್ನು ಹುಟ್ಟಿನಿಂದ ಅಳೆಯುವವರ ಕೈಯಿಂದ ಆ ಅಳತೆಗೋಲನ್ನು ಕಿತ್ತುಕೊಳ್ಳಬೇಕಾಗಿದೆ. ಗಾಳಿ, ಎಂಜಿನ್ನು, ದಿಕ್ಸೂಚಿ, ಇವು ತೀರ್ಮಾನ ಮಾಡಲಿ. ಅವುಗಳ ಎದುರು ಪರೀಕ್ಷೆಗೆ ಕೂರಲು ನಮ್ಮ ಮಕ್ಕಳು ತಯಾರಿದ್ದಾರೆ.